ಅಣಕವಾರ್ತೆ ಮತ್ತು ಅಸಲಿ ವಾರ್ತೆ

ಕಲ್ಪಿತ ದೇಶವೊಂದು. ಅದಕ್ಕೊಂದು ಕಲ್ಪಿತ ವಾರ್ತಾವಾಹಿನಿ. ಅಲ್ಲಿ ಕೋಟು ತೊಟ್ಟ ವಾರ್ತಾವಾಚಕ ಅತ್ಯಂತ ಗಂಭೀರವಾದ ಮುಖದಿಂದ ಹಸಿ ಸುಳ್ಳುಗಳನ್ನು ಓದುತ್ತಾನೆ. ಮಂತ್ರಿ ಮಹೋದಯರು ಸೀನಿದ್ದು ಐತಿಹಾಸಿಕ ಸಾಧನೆಯಾಗುತ್ತದೆ. ಬರಗಾಲದ ಚರ್ಚೆಗೆ ಜ್ಯೋತಿಷಿಯನ್ನೂ ಬೆಲೆಯೇರಿಕೆಯ ಚರ್ಚೆಗೆ ಸಿನಿಮಾ ನಟನನ್ನೂ ಕರೆಸಲಾಗುತ್ತದೆ. ನೋಡುವವನು ನಗುತ್ತಾನೆ, ನಗುತ್ತಲೇ ಆ ದೇಶ ತನ್ನದೇ ಎಂದು ಗುರುತಿಸುತ್ತಾನೆ. ಇಂತಹ ವಿಡಂಬನೆಯ ವಾರ್ತಾ ಕಾರ್ಯಕ್ರಮಗಳು ಜಗತ್ತಿನ ಅನೇಕ ಭಾಷೆಗಳ ಟಿವಿಗಳಲ್ಲಿ ಬಂದಿವೆ. ದೊರೆಯ ಹೆಸರೆತ್ತಿ ಹೇಳಲಾಗದ ಸತ್ಯವನ್ನು ಇಲ್ಲದ ದೇಶದ ಹೆಸರಿನಲ್ಲಿ ಹೇಳುವುದು ಹಾಸ್ಯಗಾರನ ಹಳೆಯ ಉಪಾಯ.

ನಮ್ಮ ಕರ್ನಾಟಕದಲ್ಲಿ ಮಾತ್ರ ಈ ಉಪಾಯಕ್ಕೆ ಕೆಲಸವಿಲ್ಲದಂತಾಗಿದೆ. ಅಸಲಿ ವಾಹಿನಿಗಳೇ ಅಣಕದ ಕೆಲಸವನ್ನು ವಹಿಸಿಕೊಂಡಿರುವಾಗ ಅಣಕಿಸುವವನು ಮಾಡುವುದಾದರೂ ಏನನ್ನು? 2012ರ ಡಿಸೆಂಬರ್ 21ರಂದು ಪ್ರಳಯವಾಗುತ್ತದೆಯೇ ಎಂಬ ಬಗ್ಗೆ ಗಂಟೆಗಟ್ಟಲೆ ಚರ್ಚೆ ನಡೆಯಿತು. ಜಗತ್ತು ಉಳಿಯಿತು, ಚರ್ಚಿಸಿದವರೂ ಉಳಿದರು. 2016ರ ನವೆಂಬರ್‌ನಲ್ಲಿ ನೋಟು ರದ್ದಾದಾಗ, ಹೊಸ 2000 ರೂಪಾಯಿಯ ನೋಟಿನಲ್ಲಿ ‘ನ್ಯಾನೋ ಚಿಪ್’ ಇದೆ, ನೆಲದಡಿ ಹೂತಿಟ್ಟರೂ ಉಪಗ್ರಹ ಅದನ್ನು ಪತ್ತೆ ಹಚ್ಚುತ್ತದೆ ಎಂದು ಕನ್ನಡವೂ ಸೇರಿದಂತೆ ದೇಶದ ಕೆಲವು ವಾಹಿನಿಗಳು ಸಾರಿದವು. ಸರಕಾರವೇ ಅದನ್ನು ಅಲ್ಲಗಳೆಯಿತು. 2023ರಲ್ಲಿ ಆ ನೋಟನ್ನು ಚಲಾವಣೆಯಿಂದ ಹಿಂದಕ್ಕೆ ಪಡೆಯುವುದಾಗಿ ರಿಸರ್ವ್ ಬ್ಯಾಂಕ್ ಪ್ರಕಟಿಸಿತು. ಚಿಪ್ಪಿನ ಕಥೆ ಹೇಳಿದವರು ಅದೇ ಗಾಂಭೀರ್ಯದಿಂದ ಈ ಸುದ್ದಿಯನ್ನೂ ಓದಿದರು. ಯಾವ ವಿಡಂಬನಕಾರನ ಕಲ್ಪನೆ ಇದನ್ನು ಮೀರಿಸಬಲ್ಲದು?

ಇಲ್ಲಿಗೆ ನಿಂತಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. 2020ರ ಮಾರ್ಚ್ ಕೊನೆಯಲ್ಲಿ, ಇಡೀ ದೇಶ ಬಾಗಿಲು ಹಾಕಿಕೊಂಡು ಟಿವಿಯ ಮುಂದೆ ಕುಳಿತಿದ್ದಾಗ, ಇದೇ ಪ್ರಹಸನಕ್ಕೆ ನಾವೇ ವಸ್ತುವಾದೆವು. ದಿಲ್ಲಿಯ ನಿಝಾಮುದ್ದೀನ್ ಮರ್ಕಝ್‌ನ ತಬ್ಲೀಗ್ ಸಮಾವೇಶದಲ್ಲಿ ಸೋಂಕು ಹರಡಿದ್ದು ನಿಜ. ಆದರೆ ರೋಗಕ್ಕೆ ಧರ್ಮದ ಹೆಸರಿಟ್ಟು, ‘ಜಿಹಾದ್’ ಎಂಬ ಪದವನ್ನು ವೈರಸ್ಸಿಗೆ ಅಂಟಿಸಿ, ದಿನವಿಡೀ ಅದನ್ನೇ ತಿರುಗಿಸಿ ತೋರಿಸಿದ್ದರಲ್ಲಿ ವೈದ್ಯಶಾಸ್ತ್ರ ಎಷ್ಟಿತ್ತು, ಪತ್ರಿಕಾಧರ್ಮ ಎಷ್ಟಿತ್ತು? ಆ ದಿನಗಳಲ್ಲಿ ತಳ್ಳುಗಾಡಿಯ ಹಣ್ಣು ವ್ಯಾಪಾರಿಯ ಹೆಸರು ಕೇಳಿ ಗಿರಾಕಿ ಹಿಂದೆ ಸರಿದದ್ದನ್ನು ನಮ್ಮ ಊರುಗಳು ಕಂಡಿವೆ. ಸ್ಟುಡಿಯೋದಲ್ಲಿ ನುಡಿದ ಮಾತಿಗೆ ಬೀದಿಯಲ್ಲಿ ಬೆಲೆ ತೆತ್ತವನು ಆ ವ್ಯಾಪಾರಿ. ಅದೇ ವರ್ಷದ ಆಗಸ್ಟ್ 21ರಂದು ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠವು ವಿದೇಶೀ ತಬ್ಲೀಗಿಗಳ ಮೇಲಿನ ಪ್ರಕರಣಗಳನ್ನು ರದ್ದುಪಡಿಸಿ, ಅವರನ್ನು ಹರಕೆಯ ಕುರಿಯಾಗಿಸಲಾಯಿತೆಂಬ ಅಭಿಪ್ರಾಯವನ್ನು ವ್ಯಕ್ತಪಡಿಸಿತು. ಮಾಧ್ಯಮಗಳ ಅಪಪ್ರಚಾರವನ್ನೂ ಅದು ಟೀಕಿಸಿತು. ಆ ತೀರ್ಪಿನ ಮೇಲೆ ಎಷ್ಟು ಸಂಜೆಗಳ ಚರ್ಚೆ ನಡೆಯಿತೆಂಬುದನ್ನು ಓದುಗರೇ ನೆನಪಿಸಿಕೊಳ್ಳಲಿ.

ಒಂದು ವಾಹಿನಿ ಏನನ್ನು ತೋರಿಸುತ್ತದೆ ಎಂಬುದರಷ್ಟೇ ಏನನ್ನು ತೋರಿಸುವುದಿಲ್ಲ ಎಂಬುದೂ ಮುಖ್ಯ. ಭದ್ರಾವತಿಯನ್ನೇ ತೆಗೆದುಕೊಳ್ಳಿ. 1936ರಲ್ಲಿ ಸ್ಥಾಪನೆಯಾದ ಮೈಸೂರು ಕಾಗದ ಕಾರ್ಖಾನೆ ಒಂದು ಕಾಲದಲ್ಲಿ ಪತ್ರಿಕೆಗಳಿಗೆ ಬೇಕಾದ ಮುದ್ರಣ ಕಾಗದವನ್ನು ತಯಾರಿಸುತ್ತಿತ್ತು. ಸುದ್ದಿ ಯಾರದೇ ಇರಲಿ, ಕಾಗದ ಭದ್ರಾವತಿಯದು ಎನ್ನುವಂತಹ ದಿನಗಳವು. 2015ರಲ್ಲಿ ಅಲ್ಲಿ ಉತ್ಪಾದನೆ ನಿಂತಿತು. ವಿಶ್ವೇಶ್ವರಯ್ಯ ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ 2023ರ ಆರಂಭದಲ್ಲಿ ಹೊರಬಿದ್ದಾಗ ಕಾರ್ಮಿಕರು ಬೀದಿಗಿಳಿದರು. ಕಾಗದನಗರದಲ್ಲೂ ನ್ಯೂ ಟೌನ್‌ನಲ್ಲೂ ಹಿಂದೂ, ಮುಸ್ಲಿಮ್, ಕ್ರೈಸ್ತ ಕುಟುಂಬಗಳು ಒಂದೇ ಸೈರನ್ನಿಗೆ ಎದ್ದು ಒಂದೇ ಕ್ಯಾಂಟೀನಿನಲ್ಲಿ ಉಂಡವರು. ಆ ಸೈರನ್ ನಿಂತದ್ದರ ಬಗ್ಗೆ ಎಷ್ಟು ಗಂಟೆಗಳ ಚರ್ಚೆಯನ್ನು ನಾವು ನೋಡಿದ್ದೇವೆ? ವಿದ್ಯಾರ್ಥಿನಿಯ ತಲೆವಸ್ತ್ರದ ಕುರಿತು ನೋಡಿದ್ದೆಷ್ಟು? ಹೊಟ್ಟೆಯ ಪ್ರಶ್ನೆ ಎಲ್ಲರನ್ನೂ ಒಂದುಗೂಡಿಸುತ್ತದೆ, ಬಟ್ಟೆಯ ಪ್ರಶ್ನೆ ಬೇರ್ಪಡಿಸುತ್ತದೆ. ಬೇರ್ಪಡಿಸುವುದರಲ್ಲಿ ವೀಕ್ಷಕರ ಸಂಖ್ಯೆ ಹೆಚ್ಚೆಂಬುದು ವಾಹಿನಿಗಳ ಲೆಕ್ಕಾಚಾರ.

ಹಾಗಾದರೆ ವಿಡಂಬನೆಯೇ ಕೆಟ್ಟದ್ದೇ? ಅಲ್ಲ. ಅಧಿಕಾರಸ್ಥನನ್ನು ಪ್ರಜೆ ಗೇಲಿ ಮಾಡಿದರೆ ಅದು ವಿಡಂಬನೆ. ಅಧಿಕಾರದ ಮಡಿಲಲ್ಲಿ ಕುಳಿತು ದುರ್ಬಲನನ್ನು ಗೇಲಿ ಮಾಡಿದರೆ ಅದು ದಬ್ಬಾಳಿಕೆ. ಮೊದಲನೆಯದಕ್ಕೆ ಧೈರ್ಯ ಬೇಕು, ಎರಡನೆಯದಕ್ಕೆ ನಾಚಿಕೆಗೇಡಿತನವೊಂದಿದ್ದರೆ ಸಾಕು. ಕನ್ನಡ ನಾಡಿಗೆ ಮೊದಲನೆಯದರ ಉಜ್ವಲ ಪರಂಪರೆಯಿದೆ. ಡಾ. ಎಂ. ಶಿವರಾಂ ಅವರು 1942ರಲ್ಲಿ ಆರಂಭಿಸಿದ ‘ಕೊರವಂಜಿ’ ಹಾಸ್ಯಪತ್ರಿಕೆ ಕಾಲು ಶತಮಾನ ನಡೆಯಿತು, ಆರ್.ಕೆ. ಲಕ್ಷ್ಮಣ್ ಅವರ ಆರಂಭಕಾಲದ ಚಿತ್ರಗಳಿಗೆ ಅದು ಆಸರೆಯಾಯಿತು. 2019ರಲ್ಲಿ ನಿಧನರಾದ ಮಾಸ್ಟರ್ ಹಿರಣ್ಣಯ್ಯನವರು ‘ಲಂಚಾವತಾರ’ ನಾಟಕವನ್ನು ಊರೂರಿಗೆ ಕೊಂಡೊಯ್ದು, ಆಯಾ ದಿನದ ರಾಜಕೀಯವನ್ನು ಆಯಾ ದಿನದ ಸಂಭಾಷಣೆಯಲ್ಲೇ ಬೆಸೆದು, ಭ್ರಷ್ಟರ ಬೆವರಿಳಿಸುತ್ತಿದ್ದರು. ನಿಜವಾದ ಅರ್ಥದ ಅಣಕವಾರ್ತೆ ಅದು, ಟಿವಿ ಇಲ್ಲದ ಕಾಲದ ಸಂಜೆಯ ವಾರ್ತೆ. ಸರಕಾರದ್ದೇ ಆದ ದೂರದರ್ಶನ ಕೂಡ 1989ರಲ್ಲಿ ಜಸ್ಪಾಲ್ ಭಟ್ಟಿಯವರ ‘ಫ್ಲಾಪ್ ಶೋ’ವನ್ನು ಪ್ರಸಾರ ಮಾಡಿ, ಸರಕಾರಿ ವ್ಯವಸ್ಥೆಯ ಬಗ್ಗೆಯೇ ಜನರು ನಗುವುದಕ್ಕೆ ಅವಕಾಶ ಕೊಟ್ಟಿತ್ತು.

ನಮ್ಮ ಶಿವಮೊಗ್ಗದ ಮಣ್ಣಿಗೂ ಈ ಪರಂಪರೆಯಲ್ಲಿ ದೊಡ್ಡ ಪಾಲಿದೆ. ಕೊನಗವಳ್ಳಿಯಲ್ಲಿ ಜನಿಸಿದ ಪಿ. ಲಂಕೇಶ್ 1980ರಲ್ಲಿ ಆರಂಭಿಸಿದ ಪತ್ರಿಕೆ ಮುಖ್ಯಮಂತ್ರಿಗಳಿಗೆ ಅಡ್ಡಹೆಸರಿಟ್ಟು ಕರೆಯುವಷ್ಟು ನಿರ್ಭೀತವಾಗಿತ್ತು. ಅದೇ ಪತ್ರಿಕೆ ಸಾರಾ ಅಬೂಬಕ್ಕರ್ ಅವರ ಬರಹಗಳನ್ನು ಪ್ರಕಟಿಸಿತು. ಬಾನು ಮುಷ್ತಾಕ್ ಅವರು ಅದರ ವರದಿಗಾರ್ತಿಯಾಗಿದ್ದರು. ಅವರಿಗೆ 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಸಂದಿತು. ಇವರ ಎಲ್ಲ ಅಭಿಪ್ರಾಯಗಳನ್ನೂ ನಾವು ಒಪ್ಪಬೇಕೆಂದಿಲ್ಲ. ಆದರೆ ದೊರೆಯನ್ನು ಗೇಲಿ ಮಾಡುವ ಧೈರ್ಯವಿದ್ದ ಪತ್ರಿಕೆಯೇ ಮುಸ್ಲಿಮ್ ಮಹಿಳೆಯ ದನಿಗೂ ಜಾಗ ಕೊಟ್ಟಿತೆಂಬುದು ಆಕಸ್ಮಿಕವಲ್ಲ. ಬಲಿಷ್ಠನ ಮುಂದೆ ಬಾಗದವನಿಗೆ ಮಾತ್ರ ದುರ್ಬಲನ ಮಾತು ಕೇಳಿಸುತ್ತದೆ.

ಇಂದು ಆ ಧೈರ್ಯಕ್ಕೆ ಸಿಗುತ್ತಿರುವ ಬಹುಮಾನವೇನು? 2021ರ ಜನವರಿ 1ರಂದು ಇಂದೋರ್‌ನಲ್ಲಿ ಹಾಸ್ಯಗಾರ ಮುನವ್ವರ್ ಫಾರೂಕಿಯನ್ನು ಬಂಧಿಸಲಾಯಿತು. ಆತ ಅಂದು ವೇದಿಕೆಯಲ್ಲಿ ಏನು ಹೇಳಿದ ಎನ್ನುವುದಕ್ಕಿಂತ ಏನು ಹೇಳಲಿದ್ದ ಎಂಬ ಊಹೆಯೇ ಆತನ ಮೇಲೆ ಭಾರವಾಯಿತು. ಸುಪ್ರೀಂ ಕೋರ್ಟ್ ಫೆಬ್ರವರಿ 5ರಂದು ಮಧ್ಯಂತರ ಜಾಮೀನು ಕೊಡುವ ತನಕ ಆತ ಜೈಲಿನಲ್ಲಿದ್ದ. ಅದೇ ವರ್ಷ ನವೆಂಬರ್ 28ರಂದು ನಮ್ಮದೇ ಬೆಂಗಳೂರಿನಲ್ಲಿ ನಡೆಯಬೇಕಿದ್ದ ಆತನ ಕಾರ್ಯಕ್ರಮ, ಶಾಂತಿಭಂಗದ ಕಾರಣವೊಡ್ಡಿ ಪೊಲೀಸರು ಸಂಘಟಕರಿಗೆ ಪತ್ರ ಬರೆದ ಮೇಲೆ ರದ್ದಾಯಿತು. ಭಂಗ ಮಾಡುವುದಾಗಿ ಬೆದರಿಸಿದವರು ಹೊರಗಿದ್ದರು, ನಗಿಸಬೇಕಾದವನು ಮನೆಗೆ ಮರಳಿದ. ಅದಕ್ಕೂ ಮೊದಲು, 2020ರ ಜನವರಿಯಲ್ಲಿ, ಬೀದರಿನ ಶಾಹೀನ್ ಶಾಲೆಯ ಮಕ್ಕಳು ಪೌರತ್ವ ಕಾನೂನಿನ ಬಗ್ಗೆ ಆಡಿದ ಪುಟ್ಟ ನಾಟಕಕ್ಕೆ ದೇಶದ್ರೋಹದ ಪ್ರಕರಣ ದಾಖಲಾಯಿತು. ಮುಖ್ಯಶಿಕ್ಷಕಿಯೂ ಒಬ್ಬ ಬಾಲಕಿಯ ತಾಯಿಯೂ ಎರಡು ವಾರ ಜೈಲಿನಲ್ಲಿದ್ದರು. ಪೊಲೀಸರು ಶಾಲೆಗೆ ಮತ್ತೆ ಮತ್ತೆ ಬಂದು ಮಕ್ಕಳನ್ನು ಪ್ರಶ್ನಿಸಿದರು. 2023ರ ಜೂನ್‌ನಲ್ಲಿ ಹೈಕೋರ್ಟಿನ ಕಲಬುರಗಿ ಪೀಠವು ಪ್ರಕರಣವನ್ನೇ ರದ್ದುಪಡಿಸಿತು. ಮೂರು ವರ್ಷಗಳ ಬಳಿಕ ಬಂದ ಆ ನ್ಯಾಯ, ಜೈಲಿನ ಬಾಗಿಲಲ್ಲಿ ತಾಯಿಗಾಗಿ ಕಾದ ಮಗುವಿನ ಮನಸ್ಸಿನ ಗಾಯವನ್ನು ಮಾಯಿಸಬಲ್ಲದೇ?

ಈ ಭಯ ಒಂದು ಪಕ್ಷದ, ಒಂದು ಧರ್ಮದ ಆಡಳಿತಗಾರರಿಗೆ ಸೀಮಿತವಾದುದಲ್ಲ ಎಂಬುದನ್ನು ನಾವು ಪ್ರಾಮಾಣಿಕವಾಗಿ ಹೇಳಬೇಕಾಗಿದೆ. ಈಜಿಪ್ಟಿನ ಹೃದ್ರೋಗ ಶಸ್ತ್ರಚಿಕಿತ್ಸಕ ಬಾಸಿಮ್ ಯೂಸುಫ್ 2011ರ ಕ್ರಾಂತಿಯ ಬಳಿಕ ‘ಅಲ್ ಬರ್ನಾಮಜ್’ ಎಂಬ ಅಣಕವಾರ್ತೆಯ ಕಾರ್ಯಕ್ರಮವನ್ನು ಆರಂಭಿಸಿದರು. ಅರಬ್ ಜಗತ್ತು ರಾತ್ರಿ ಎಚ್ಚರವಿದ್ದು ಅದನ್ನು ನೋಡುತ್ತಿತ್ತು. 2013ರ ಮಾರ್ಚ್‌ನಲ್ಲಿ, ಮುಹಮ್ಮದ್ ಮುರ್ಸಿಯವರು ಅಧ್ಯಕ್ಷರಾಗಿದ್ದಾಗ, ಇಸ್ಲಾಮನ್ನೂ ಅಧ್ಯಕ್ಷರನ್ನೂ ಅವಮಾನಿಸಿದ ಆರೋಪದ ಮೇಲೆ ಅವರನ್ನು ವಿಚಾರಣೆಗೊಳಪಡಿಸಿ ಜಾಮೀನಿನ ಮೇಲೆ ಬಿಡಲಾಯಿತು. ಆ ವರ್ಷದ ಜುಲೈಯಲ್ಲಿ ಸೇನೆ ಮುರ್ಸಿಯವರನ್ನು ಪದಚ್ಯುತಗೊಳಿಸಿತು. ಇನ್ನು ಹಾಸ್ಯಗಾರನಿಗೆ ಬಿಡುಗಡೆಯೆಂದು ಭಾವಿಸಿದವರಿಗೆ ನಿರಾಸೆ ಕಾದಿತ್ತು. ಸೇನಾಧಿಪತಿಯ ಸುತ್ತ ಹಬ್ಬಿದ ವ್ಯಕ್ತಿಪೂಜೆಯನ್ನು ಗೇಲಿ ಮಾಡಿದ ಒಂದೇ ಕಂತಿನ ಬಳಿಕ ವಾಹಿನಿ ಆ ಕಾರ್ಯಕ್ರಮವನ್ನು ತಡೆಹಿಡಿಯಿತು, 2014ರ ಜೂನ್‌ನಲ್ಲಿ ಅದು ಶಾಶ್ವತವಾಗಿ ನಿಂತಿತು. ಧರ್ಮದ ಹೆಸರಿನಲ್ಲಿ ಆಳುವವರು ನಗುವನ್ನು ಸಹಿಸಲಿಲ್ಲ, ಬಂದೂಕಿನ ಬಲದಿಂದ ಆಳುವವರು ನಗುವನ್ನು ಉಳಿಯಗೊಡಲೂ ಇಲ್ಲ. ತಾನು ವಿರೋಧಪಕ್ಷದಲ್ಲಿದ್ದಾಗ ವಿಡಂಬನೆಯನ್ನು ಆನಂದಿಸಿ, ಗದ್ದುಗೆ ಏರಿದೊಡನೆ ಅದನ್ನು ಅಪರಾಧವೆನ್ನುವ ಯಾರಿಗೂ ಈ ವಿಷಯದಲ್ಲಿ ಉಪದೇಶ ಮಾಡುವ ಹಕ್ಕಿಲ್ಲ.

ಇನ್ನು ನಮ್ಮ ಸಮುದಾಯದ ಮಾತಿಗೆ ಬರೋಣ. ಮಾಧ್ಯಮದ ವಿಷಯದಲ್ಲಿ ಕರ್ನಾಟಕದ ಮುಸ್ಲಿಮರ ಅನುಭವ ನೋವಿನದು, ಪಾಠ ಕಲಿಸುವಂಥದ್ದು. 1986ರ ಡಿಸೆಂಬರ್‌ನಲ್ಲಿ ಇಂಗ್ಲಿಷ್ ದಿನಪತ್ರಿಕೆಯೊಂದರಲ್ಲಿ ಮಲಯಾಳಂನಿಂದ ಅನುವಾದಗೊಂಡ ಕಥೆ ಪ್ರಕಟವಾಯಿತು. ಅದು ಬುದ್ಧಿಮಾಂದ್ಯ ಹುಡುಗನೊಬ್ಬನ ಕಥೆ. ಆ ಹುಡುಗನ ಹೆಸರು ಶೀರ್ಷಿಕೆಯಲ್ಲಿದ್ದ ರೀತಿಯಿಂದ ಆಕ್ರೋಶ ಸಿಡಿಯಿತು, ಹಲವು ಜೀವಗಳು ಹೋದವು. ಬೀದಿಗಿಳಿದವರಲ್ಲಿ ಎಷ್ಟು ಮಂದಿ ಆ ಕಥೆಯನ್ನು ಓದಿದ್ದರು? 1994ರ ಅಕ್ಟೋಬರ್‌ನಲ್ಲಿ ಬೆಂಗಳೂರು ದೂರದರ್ಶನ ಹತ್ತು ನಿಮಿಷಗಳ ಉರ್ದು ವಾರ್ತೆಯನ್ನು ಆರಂಭಿಸಿದಾಗ ಇನ್ನೊಂದು ಕಡೆಯವರು ಬೀದಿಗಿಳಿದರು, ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಹತ್ತು ನಿಮಿಷಗಳ ವಾರ್ತೆಗಾಗಿ!

ಮತ್ತು 2010. ಫೆಬ್ರವರಿ 28ರ ಭಾನುವಾರ ‘ಕನ್ನಡಪ್ರಭ’ದ ಪುರವಣಿಯಲ್ಲಿ ಬುರ್ಖಾ ಕುರಿತಾದ, ತಸ್ಲೀಮಾ ನಸ್ರೀನ್ ಹೆಸರಿನ ಲೇಖನವೊಂದು ಬಂತು. ಮರುದಿನ ಶಿವಮೊಗ್ಗ ಮತ್ತು ಹಾಸನಗಳಲ್ಲಿ ಪ್ರತಿಭಟನೆ ಹಿಂಸೆಗೆ ತಿರುಗಿತು. ಶಿವಮೊಗ್ಗದಲ್ಲಿ ಇಬ್ಬರು ಪ್ರಾಣ ಕಳೆದುಕೊಂಡರು, ಕರ್ಫ್ಯೂ ಹೇರಲಾಯಿತು. ಕರ್ನಾಟಕದ ಯಾವ ಪತ್ರಿಕೆಗೂ ತಾನು ಲೇಖನ ಬರೆದಿಲ್ಲವೆಂದು ಲೇಖಕಿ ಹೇಳಿದರು. ಪ್ರವಾದಿ(ಸ)ಯವರ ಮೇಲಿನ ನಮ್ಮ ಪ್ರೀತಿ ಪ್ರಾಣಕ್ಕಿಂತ ಮಿಗಿಲಾದುದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಸೋಮವಾರ ಸಂಜೆ ಎರಡು ಮನೆಗಳಲ್ಲಿ ಹಚ್ಚದೆ ಉಳಿದ ಒಲೆಗೆ ಯಾರು ಉತ್ತರ ಕೊಡುತ್ತಾರೆ? ಮುಚ್ಚಿದ ಅಂಗಡಿಗಳ, ವರ್ಷಗಟ್ಟಲೆ ಕೋರ್ಟಿಗೆ ಅಲೆದ ಯುವಕರ ಲೆಕ್ಕ ಯಾರ ಬಳಿ ಇದೆ? ಅವರನ್ನು ಬೀದಿಗೆ ಕರೆದವರು ಅವರ ಜಾಮೀನಿಗೆ ನಿಂತರೇ?

ಪವಿತ್ರ ಕುರ್‌ಆನ್ ಈ ಬಗ್ಗೆ ನಮ್ಮನ್ನು ಕತ್ತಲಲ್ಲಿ ಬಿಟ್ಟಿಲ್ಲ. ‘ಅಲ್ ಹುಜುರಾತ್’ ಅಧ್ಯಾಯದ 6ನೇ ಸೂಕ್ತ, ನಂಬಲಾಗದವನು ಸುದ್ದಿ ತಂದಾಗ ಮೊದಲು ಪರಿಶೀಲಿಸುವಂತೆ, ತಿಳಿಯದೆ ಜನರಿಗೆ ಹಾನಿ ಮಾಡಿ ಬಳಿಕ ಪಶ್ಚಾತ್ತಾಪ ಪಡದಂತೆ ಆದೇಶಿಸುತ್ತದೆ. ಅದೇ ಅಧ್ಯಾಯದ 11ನೇ ಸೂಕ್ತ ಒಂದು ಜನಸಮೂಹ ಇನ್ನೊಂದನ್ನು ಹೀಯಾಳಿಸುವುದನ್ನೂ ಅಡ್ಡಹೆಸರುಗಳಿಂದ ಚುಚ್ಚುವುದನ್ನೂ ನಿಷೇಧಿಸುತ್ತದೆ. ಸುದ್ದಿಯ ಶಿಸ್ತು ಮತ್ತು ನಗುವಿನ ಶಿಸ್ತು ಒಂದೇ ಅಧ್ಯಾಯದಲ್ಲಿ, ಐದು ಸೂಕ್ತಗಳ ಅಂತರದಲ್ಲಿವೆ. ಇನ್ನು ದೇವವಚನಗಳನ್ನೇ ಯಾರಾದರೂ ಪರಿಹಾಸ್ಯ ಮಾಡಿದರೆ? ‘ಅನ್ನಿಸಾ’ದ 140ನೇ ಸೂಕ್ತ, ಅವರು ಬೇರೆ ಮಾತಿಗೆ ಹೊರಳುವ ತನಕ ಅವರ ಜೊತೆ ಕುಳಿತುಕೊಳ್ಳಬೇಡಿ ಎನ್ನುತ್ತದೆ. ಎದ್ದು ಬರುವುದು ಅಲ್ಲಿನ ಆದೇಶ. ಅಂಗಡಿಗೆ ಕಲ್ಲೆಸೆಯಿರಿ ಎಂದಾಗಲೀ ಬಸ್ಸಿಗೆ ಬೆಂಕಿ ಹಚ್ಚಿ ಎಂದಾಗಲೀ ಅಲ್ಲಿ ಇಲ್ಲ.

ಪ್ರವಾದಿವರ್ಯರ(ಸ) ಮಾದರಿಯೂ ನಮ್ಮ ಮುಂದಿದೆ. ಮಕ್ಕಾದ ಕವಿಗಳು ನಿಂದಾಕಾವ್ಯಗಳಿಂದ ದಾಳಿ ಮಾಡಿದಾಗ, ಅವರಿಗೆ ಉತ್ತರಿಸಲು ಹಸ್ಸಾನ್ ಬಿನ್ ಸಾಬಿತ್(ರ) ಅವರಿಗಾಗಿ ಮದೀನಾದ ಮಸೀದಿಯಲ್ಲೇ ಪೀಠವೊಂದನ್ನು ಇರಿಸಲಾಗುತ್ತಿತ್ತೆಂದು ಹದೀಸ್ ಗ್ರಂಥಗಳು ಹೇಳುತ್ತವೆ. ಕವಿತೆಗೆ ಕವಿತೆಯೇ ಉತ್ತರವಾಯಿತು. 9ನೇ ಶತಮಾನದಲ್ಲಿ ಬಸ್ರಾದ ಅಲ್ ಜಾಹಿಝ್ ಜಿಪುಣರ ಕುರಿತು ಇಡೀ ಗ್ರಂಥವನ್ನೇ ಬರೆದು ತನ್ನದೇ ಸಮಾಜವನ್ನು ನಗಿಸಿದರು. ಉರ್ದುವಿನಲ್ಲಿ ಅಕ್ಬರ್ ಇಲಾಹಾಬಾದಿ ಬ್ರಿಟಿಷರ ಅಧೀನದಲ್ಲಿ ನ್ಯಾಯಾಧೀಶರಾಗಿದ್ದುಕೊಂಡೇ ಆ ಆಡಳಿತ ತಂದ ಹೊಸ ಗತ್ತನ್ನೂ ಅದನ್ನು ಅನುಕರಿಸಿದ ನಮ್ಮವರನ್ನೂ ವ್ಯಂಗ್ಯಕ್ಕೆ ಗುರಿ ಮಾಡಿದರು. ನಗುವನ್ನು ಬಲ್ಲ ಸಮುದಾಯ ನಾವು. ಅದನ್ನು ಯಾವಾಗ, ಯಾಕೆ ಮರೆತೆವು?

ನಾವು ನಗಬೇಕಾದ ಸಂಗತಿಗಳು ನಮ್ಮ ನಡುವೆಯೇ ಕಡಿಮೆಯೇನಿಲ್ಲ. ವರದಕ್ಷಿಣೆ ಹರಾಮ್ ಎಂದು ಪ್ರವಚನ ನೀಡಿ, ಮಗನ ಮದುವೆಯಲ್ಲಿ ‘ಅವರಾಗಿಯೇ ಕೊಟ್ಟರು’ ಎನ್ನುವ ಮಹನೀಯರಿಲ್ಲವೇ? ಸಾಲ ಮಾಡಿ ಐದು ಬಗೆಯ ಮಾಂಸದಡುಗೆ ಬಡಿಸಿ, ಮಗಳ ಕಾಲೇಜು ಶುಲ್ಕಕ್ಕೆ ಹಣವಿಲ್ಲ ಎನ್ನುವ ತಂದೆಯಿಲ್ಲವೇ? ಜಮಾಅತ್ ಸಮಿತಿಯ ಕುರ್ಚಿಗಾಗಿ ವಿಧಾನಸಭಾ ಚುನಾವಣೆಯನ್ನೂ ನಾಚಿಸುವ ಪೈಪೋಟಿ ನಡೆಯುತ್ತಿಲ್ಲವೇ? ಇವುಗಳ ಬಗ್ಗೆ ನಮ್ಮ ಯುವಕನೊಬ್ಬ ಹತ್ತು ನಿಮಿಷಗಳ ಅಣಕವಾರ್ತೆಯನ್ನು ಮಾಡಿದರೆ ಅದು ಹತ್ತು ಪ್ರವಚನಗಳ ಕೆಲಸವನ್ನು ಮಾಡೀತು. ಬದಲಾಗಿ ನಮ್ಮ ಮೊಬೈಲುಗಳಲ್ಲಿ ಹರಿದಾಡುತ್ತಿರುವುದೇನು? ಇನ್ನೊಂದು ಪಂಗಡದ ಮೌಲಾನಾರ ಮಾತನ್ನು ತುಂಡರಿಸಿ ಮಾಡಿದ ಗೇಲಿ. ವಿಚ್ಛೇದಿತ ಹೆಣ್ಣುಮಗಳ ಕುರಿತ ಕುಹಕ. ಸ್ಟುಡಿಯೋದವರು ನಮಗೆ ಮಾಡಿದ್ದನ್ನೇ ನಾವು ನಮ್ಮವರಿಗೆ ಮಾಡುತ್ತಿದ್ದೇವೆ.

ಪರಿಶೀಲನೆಯ ವಿಷಯವೂ ಹಾಗೆಯೇ. 2022ರ ಫೆಬ್ರವರಿ 8ರಂದು ಶಿವಮೊಗ್ಗದ ಸರಕಾರಿ ಪ್ರಥಮ ದರ್ಜೆ ಕಾಲೇಜಿನ ಧ್ವಜಸ್ತಂಭಕ್ಕೆ ವಿದ್ಯಾರ್ಥಿಗಳು ಕೇಸರಿ ಬಾವುಟ ಏರಿಸಿದ್ದು ನಿಜ. ಅದು ಖಂಡನೀಯ. ಆದರೆ ರಾಷ್ಟ್ರಧ್ವಜವನ್ನು ಕೆಳಗಿಳಿಸಿ ಹಾಗೆ ಮಾಡಿದರೆಂಬ ಸುದ್ದಿ ದೇಶವಿಡೀ ಹರಡಿತು. ಆ ಸ್ತಂಭದಲ್ಲಿ ಆಗ ರಾಷ್ಟ್ರಧ್ವಜ ಇರಲಿಲ್ಲವೆಂದು ಪೊಲೀಸರು ಸ್ಪಷ್ಟಪಡಿಸಿದರು. ನಮಗೆ ಅನುಕೂಲಕರವೆಂಬ ಕಾರಣಕ್ಕೆ ಆ ಸುದ್ದಿಯನ್ನು ಹಂಚಿದವರು ಸಮುದಾಯದಲ್ಲಿ ಕಡಿಮೆಯಿರಲಿಲ್ಲ. ಹುಜುರಾತ್‌ನ 6ನೇ ಸೂಕ್ತ ನಮ್ಮ ವಿರುದ್ಧದ ಸುದ್ದಿಗೆ ಮಾತ್ರ ಅನ್ವಯವಾಗುತ್ತದೆಯೇ?

ಹಾಗಾದರೆ ಅವಮಾನವನ್ನು ನುಂಗಿಕೊಂಡು ಸುಮ್ಮನಿರಬೇಕೇ? ಖಂಡಿತ ಇಲ್ಲ. ತಬ್ಲೀಗ್ ಪ್ರಸಾರಗಳ ವಿಷಯದಲ್ಲಿ ಏನಾಯಿತೆಂಬುದನ್ನು ಪ್ರತಿ ಮೊಹಲ್ಲಾದಲ್ಲೂ ಹೇಳಬೇಕಾಗಿದೆ. ‘ಕ್ಯಾಂಪೇನ್ ಅಗೇನ್ಸ್ಟ್ ಹೇಟ್ ಸ್ಪೀಚ್’ ಎಂಬ ಬಳಗದವರು ಕುಳಿತು ಕಾರ್ಯಕ್ರಮಗಳನ್ನು ನೋಡಿ, ದಾಖಲಿಸಿ, ವಾರ್ತಾವಾಹಿನಿಗಳ ಸ್ವಯಂನಿಯಂತ್ರಣ ಪ್ರಾಧಿಕಾರಕ್ಕೆ ದೂರು ಕೊಟ್ಟರು. 2021ರ ಜೂನ್‌ನಲ್ಲಿ ಆ ಪ್ರಾಧಿಕಾರವು ನ್ಯೂಸ್18 ಕನ್ನಡಕ್ಕೆ 1 ಲಕ್ಷ ರೂಪಾಯಿ, ಸುವರ್ಣ ನ್ಯೂಸ್‌ಗೆ 50 ಸಾವಿರ ರೂಪಾಯಿ ದಂಡ ವಿಧಿಸಿತು. ನ್ಯೂಸ್18 ಕನ್ನಡ ಪರದೆಯ ಮೇಲೆ ಕ್ಷಮೆ ಕೋರಬೇಕೆಂದೂ ಆದೇಶಿಸಿತು. ದಂಡದ ಮೊತ್ತ ವಾಹಿನಿಗಳ ಪಾಲಿಗೆ ಚಿಲ್ಲರೆ ಕಾಸು, ಒಪ್ಪೋಣ. ಆದರೆ 2010ರಲ್ಲಿ ಎಸೆದ ಕಲ್ಲು ಯಾವ ಸಂಪಾದಕನನ್ನೂ ತಿದ್ದಲಿಲ್ಲ, ನಮ್ಮವರ ಪ್ರಾಣ ತೆಗೆಯಿತು. 2020ರಲ್ಲಿ ಬರೆದ ದೂರು ಯಾರ ಪ್ರಾಣವನ್ನೂ ತೆಗೆಯಲಿಲ್ಲ, ವಾಹಿನಿಯನ್ನು ತಲೆಬಾಗಿಸಿತು. ಯಾವುದು ಧೈರ್ಯ, ಯಾವುದು ಬುದ್ಧಿವಂತಿಕೆ ಎಂಬುದನ್ನು ಓದುಗರು ತೂಗಿ ನೋಡಲಿ.

ಕಾನೂನೂ ನಗುವಿನ ಪರವಾಗಿದೆ. 2025ರ ಮಾರ್ಚ್ 28ರಂದು, ಸಂಸದ ಇಮ್ರಾನ್ ಪ್ರತಾಪ್‌ಗಢಿಯವರ ಮೇಲೆ ಕವಿತೆಯೊಂದರ ಕಾರಣಕ್ಕಾಗಿ ಗುಜರಾತಿನಲ್ಲಿ ದಾಖಲಾಗಿದ್ದ ಪ್ರಕರಣವನ್ನು ಸುಪ್ರೀಂ ಕೋರ್ಟ್ ರದ್ದುಪಡಿಸಿತು. ಕಾವ್ಯ, ನಾಟಕ, ವಿಡಂಬನೆಗಳು ಬದುಕಿಗೆ ಅರ್ಥ ಕೊಡುತ್ತವೆ, ಸದಾ ಅಭದ್ರತೆಯಲ್ಲಿರುವವರ ಅಳತೆಗೋಲಿನಿಂದ ಮಾತನ್ನು ಅಳೆಯಬಾರದು, ಗಟ್ಟಿ ಮನಸ್ಸಿನ ವಿವೇಕಿಯ ಅಳತೆಗೋಲು ಬೇಕು ಎಂಬುದು ಆ ತೀರ್ಪಿನ ಸಾರ. ಆ ಅಳತೆಗೋಲು ನಮ್ಮನ್ನು ಹೀಗಳೆಯುವವರಿಗೆ ಎಷ್ಟು ಅನ್ವಯವೋ ನಮಗೂ ಅಷ್ಟೇ ಅನ್ವಯ.

ಆದ್ದರಿಂದ ಶಿವಮೊಗ್ಗ, ಭದ್ರಾವತಿಗಳ ಪ್ರತಿ ಮಸೀದಿಯ ಜಮಾಅತ್‌ನಲ್ಲೂ ಕನಿಷ್ಠ ಇಬ್ಬರು ವಿದ್ಯಾವಂತ ಯುವಕ ಯುವತಿಯರು ವಾರ್ತೆಗಳನ್ನು ಗಮನಿಸುವ, ತಪ್ಪಾದಾಗ ದಿನಾಂಕ, ಸಮಯ ಸಹಿತ ಮೊದಲು ವಾಹಿನಿಗೆ, ಬಳಿಕ ಪ್ರಾಧಿಕಾರಕ್ಕೆ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ದೂರು ಬರೆಯುವ ಹೊಣೆ ಹೊರಲಿ. ದೂರಿಗೆ ಕಾಲಮಿತಿಯಿದೆ, ಪ್ರಸಾರವಾದ ವಾರದೊಳಗೇ ಬರೆಯಬೇಕು. ಮದ್ರಸದ ವಾರ್ಷಿಕೋತ್ಸವದಲ್ಲಿ ಮಕ್ಕಳು ವರದಕ್ಷಿಣೆಯನ್ನು ಗೇಲಿ ಮಾಡುವ ಪ್ರಹಸನ ಆಡಿದರೆ ಹಿರಿಯರು ಮುಂದಿನ ಸಾಲಿನಲ್ಲಿ ಕುಳಿತು ನೋಡಲಿ. ಮನೆಯಲ್ಲಿ ಸಂಜೆಯ ಚರ್ಚೆಯ ಕಿರುಚಾಟ ಆರಂಭವಾದೊಡನೆ ತಾಯಂದಿರು ರಿಮೋಟ್ ಕೈಗೆತ್ತಿಕೊಂಡು ಮಕ್ಕಳಿಗೆ ಒಂದೇ ಒಂದು ಪ್ರಶ್ನೆ ಕೇಳಲಿ: ಈತ ಈಗ ಹೇಳಿದ್ದಕ್ಕೆ ಪುರಾವೆ ತೋರಿಸಿದನೇ? ಪುರಾವೆಯಿಲ್ಲದ ಮಾತಿನ ಮುಂದೆ ಕುಳಿತುಕೊಳ್ಳಬೇಕಾದ ಕರ್ತವ್ಯ ನಮಗೆ ಯಾರೂ ವಿಧಿಸಿಲ್ಲ.